ಎಡಗೈ ಬಂದೂಕು

ಕರುಗಳನ್ನು ತುಂಬಿದ ಲಾರಿ ಹೋದ ವಾರವೇ ಲೈಲ್ ಸೋರಮ್ ಬಂದೂಕಿನ ಮಾತು ತೆಗೆದ. ಸಂಜೆ ಆರರ ಊಟ. ಜಿಂಕೆ ಮಾಂಸದ ಸಾರು, ಬೆಣ್ಣೆ ಸವರಿದ ಬ್ರೆಡ್ಡು, ಬೀಟ್‌ರೂಟಿನ ಉಪ್ಪಿನಕಾಯಿ. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೀಜದ ಅಂಗಡಿಯವರು ಬಿಟ್ಟಿ ಕೊಟ್ಟಿದ್ದ ಜೇಬಿನ ಪುಸ್ತಕವನ್ನು ಬಿಚ್ಚಿ ಮೇಜಿನ ಮೇಲಿಟ್ಟ.

"ಇದೇನು?" ಎಂದಳು ಹೆಂಡತಿ ಮಾರ್ಲಿಸ್.

"ಬಂದೂಕು. ಅಂಗಡೀದಲ್ಲ, ಹೇಳಿ ಮಾಡಿಸೋದು."

"ಮನೇಲಿ ಆಗಲೇ ಏಳಿವೆ."

"ಅವು ಮುನ್ನೂರು ಗಜಕ್ಕೆ. ಇದು ಸಾವಿರ ಗಜಕ್ಕೆ."

ಲೈಲನ ತಂದೆ ಆರ್ವಿಡ್‌ಗೆ ಎಪ್ಪತ್ತೊಂಬತ್ತು. ಸಾರಿನ ಬಟ್ಟಲಿನಿಂದ ತಲೆ ಎತ್ತದೆಯೇ, "ಸಾವಿರ ಗಜದಾಚೆ ನಿಂತಿರೋ ಜಿಂಕೆ ನಮ್ಮದಲ್ಲ ಕಣೋ, ಪಕ್ಕದ ಹೊಲದೋನದ್ದು," ಎಂದರು.

ಮಗಳು ಬ್ರಿಟ್ಟಾ ಬಾಯಲ್ಲಿದ್ದ ಬ್ರೆಡ್ಡು ಉಗುಳುವಷ್ಟು ನಕ್ಕಳು. ಅವಳಿಗೆ ಇಪ್ಪತ್ತಾರು. ಪೇಟೆಯ ದನದ ಡಾಕ್ಟರ ಬಳಿ ಲೆಕ್ಕ ಬರೆಯುವ ಕೆಲಸ. ಗಂಡನನ್ನು ಬಿಟ್ಟು ಬಂದಮೇಲೆ ಆರು ವರ್ಷದ ಮಗಳು ಜೂನಳ ಜೊತೆ ಮಹಡಿಯ ಕೋಣೆಯಲ್ಲಿದ್ದಳು. ಮುತ್ತಜ್ಜ ಏನೋ ತಮಾಷೆ ಮಾಡಿದರೆಂದು ಜೂನ್ ಕೂಡ ನಕ್ಕಿತು.

ಲೈಲ್ ನಗಲಿಲ್ಲ. ಬರೆದದ್ದನ್ನು ಓದಿದ. ಗುಂಡು ತಳ್ಳುವ ಬೋಲ್ಟು ಓಡಾಡುವ ಉಕ್ಕಿನ ಮೈ ಸಾವಿರದ ಮುನ್ನೂರೈವತ್ತು ಡಾಲರ್. ನಳಿಗೆ ನಾನೂರು. ಹೆಗಲಿಗೆ ಒತ್ತುವ ಹಿಡಿ ಏಳುನೂರು. ಟ್ರಿಗರ್ ನೂರ ಎಂಬತ್ತು. ಮೇಲೆ ಕೂರಿಸುವ ದುರ್ಬೀನು ಸಾವಿರದ ಒಂಬೈನೂರು. ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ ಕೊರೆದು ಕೊಡುವುದಕ್ಕೆ ಓರಿನ್ ವೋಸ್‌ನ ಕೂಲಿ ಆರುನೂರೈವತ್ತು.

"ಐದು ಸಾವಿರದ ನೂರ ಎಂಬತ್ತು," ಎಂದಳು ಮಾರ್ಲಿಸ್. ಅವಳು ಪೆನ್ಸಿಲ್ ಮುಟ್ಟಿರಲಿಲ್ಲ. "ಗಾಜಿಗೆ ಸಾವಿರದ ಒಂಬೈನೂರಾ? ನನ್ನ ಕನ್ನಡಕ ಇನ್ನೂರೈವತ್ತು ಅಂದಾಗ ಕುಣಿದಾಡಿದ್ದೆ."

"ನೀನು ಸಾವಿರ ಗಜ ನೋಡಲ್ಲವಲ್ಲ."

"ನಿನ್ನನ್ನ ನೋಡ್ತೀನಿ. ಅದಕ್ಕೇನೂ ಗಾಜು ಬೇಡ." ಅವಳು ಪುಸ್ತಕವನ್ನು ಎಳೆದುಕೊಂಡು ಕೆಳಗೆ ಒಂದು ಗೆರೆ ಹಾಕಿದಳು. "ಐದು ಸಾವಿರ. ಮೇಲೆ ಒಂದು ಡಾಲರೂ ಇಲ್ಲ. ನೀನು ಬಂದೂಕು ಮಾಡಿಸಿದ ಬೇಸಿಗೇಲೇ ನನ್ನ ಅಡುಗೆಮನೆ ನೆಲ ಕಿತ್ತು ಹೊಸದು ಹಾಕಿಸ್ಬೇಕು."

"ಆಯ್ತು."

ಇಷ್ಟು ಬೇಗ "ಆಯ್ತು" ಎಂದದ್ದು ಮಾರ್ಲಿಸ್‌ಗೆ ಸ್ವಲ್ಪ ಆಶ್ಚರ್ಯವಾಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಲೈಲ್ ಒಂದು ಕೋಳಿಗೂಡಿನ ಬಗ್ಗೆಯೂ ಮೂರು ದಿನ ವಾದ ಮಾಡದೆ ಒಪ್ಪಿದವನಲ್ಲ.

ಆ ಮನೆ ನಡೆಯುತ್ತಿದ್ದದ್ದು ನೂರ ನಲವತ್ತು ದನಗಳ ಮೇಲೆ, ಶಾಲೆಯ ಬಸ್ಸಿನ ಮೇಲೆ. ದನದಿಂದ ದುಡ್ಡು, ಬಸ್ಸಿನಿಂದ ಆರೋಗ್ಯ ವಿಮೆ. ಮೊಂಟಾನಾದ ಆ ಬಯಲಿನಲ್ಲಿ ಬಸ್ಸು ಓಡಿಸುವವರೆಲ್ಲ ಸಂಬಳಕ್ಕಾಗಿ ಓಡಿಸುವುದಿಲ್ಲ. ಲೈಲ್ ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಮೂವತ್ತೆಂಟು ಮೈಲಿ ಜಲ್ಲಿರಸ್ತೆಯಲ್ಲಿ ಹಳದಿ ಬಸ್ಸು ಓಡಿಸಿ ಹನ್ನೊಂದು ಮಕ್ಕಳನ್ನು ಶಾಲೆಗೆ ಮುಟ್ಟಿಸಿ ತರುತ್ತಿದ್ದ. ಅದಕ್ಕೆ ಪ್ರತಿಯಾಗಿ ಮಾರ್ಲಿಸ್‌ಗೆ ಎರಡು ವಾರಕ್ಕೊಂದು ಸೂಜಿ ಸಿಗುತ್ತಿತ್ತು. ಕೀಲುವಾತ. ಆ ಸೂಜಿ ಶುರುವಾಗುವ ಮೊದಲಿನ ಎರಡು ವರ್ಷ ಅವಳ ಅಂಗಿಯ ಗುಂಡಿಯನ್ನು ಬ್ರಿಟ್ಟಾ ಹಾಕುತ್ತಿದ್ದಳು.

ಈಚೆಗೆ ಆರ್ವಿಡ್ ಕೂಡ ಬಸ್ಸಿನಲ್ಲಿ ಪೇಟೆಗೆ ಹೋಗುವುದನ್ನು ಶುರುಮಾಡಿದ್ದರು. ಬೆಳಿಗ್ಗೆ ಮಗನ ಜೊತೆ ಹೋಗಿ ಕಾಫಿ ಕುಡಿದು ಒಂಬತ್ತಕ್ಕೆ ಬರುವುದು. ಮತ್ತೆ ಮಧ್ಯಾಹ್ನ ಎರಡೂವರೆಗೆ ಹೊರಡುವುದು.

"ದಿನಕ್ಕೆ ಎರಡು ಸಲ ಅದೆಂಥ ಕಾಫಿ ಮಾವ?" ಎಂದು ಮಾರ್ಲಿಸ್ ರೇಗಿಸುತ್ತಿದ್ದಳು. "ಆ ಹೋಟೆಲಿನ ವಿಧವೆ ಇನ್ನೂ ಗಟ್ಟಿಮುಟ್ಟಾಗಿದ್ದಾಳಂತೆ."

"ಅವಳ ಕೈಯ ಕಡುಬು ಚೆನ್ನಾಗಿರುತ್ತೆ," ಎನ್ನುತ್ತಿದ್ದರು ಆರ್ವಿಡ್. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ನವೆಂಬರ್ ಪೂರ್ತಿ ಊಟದ ಹೊತ್ತಿನಲ್ಲಿ ಬಂದೂಕೇ ಮಾತು. ಹೇಳಿ ಮಾಡಿಸುವ ಬಂದೂಕು ಒಂದೇ ದಿನ ಮನೆಗೆ ಬರುವುದಿಲ್ಲ. ನಳಿಗೆ ಒಂದು ರಾಜ್ಯದಿಂದ, ಹಿಡಿ ಇನ್ನೊಂದು ರಾಜ್ಯದಿಂದ, ತಿಂಗಳಿಗೊಂದರಂತೆ ಬರುತ್ತವೆ. ಅಷ್ಟು ದಿನ ಮಾಡಿಸುವವನು ಅದನ್ನು ತಲೆಯಲ್ಲೇ ಜೋಡಿಸಿ ಬಿಚ್ಚುತ್ತಿರುತ್ತಾನೆ. ಲೈಲ್ ಐದು ಸಾವಿರದೊಳಗೆ ಬರಲು ನೂರ ಎಂಬತ್ತು ಡಾಲರ್ ಕಡಿಮೆಯ ದುರ್ಬೀನು ಹುಡುಕಿದ. ನಳಿಗೆ ಎಷ್ಟು ದಪ್ಪ ಇರಬೇಕೆಂದು ಆರ್ವಿಡ್ ಜೊತೆ ಜಗಳವಾಡಿದ.

"ಅಷ್ಟು ಭಾರ ಹೊತ್ತು ಗುಡ್ಡ ಹತ್ತೋನು ಯಾರು?" ಎಂದರು ಆರ್ವಿಡ್. "ನಮ್ಮಪ್ಪ ಹದಿನೆಂಟು ಡಾಲರ್ ಬಂದೂಕಲ್ಲಿ ಆರು ಮಕ್ಕಳನ್ನ ಸಾಕಿದ."

"ಅವನಿಗೆ ಹತ್ತಿರ ಹೋಗೋಕೆ ಕಾಲಿತ್ತು."

"ನಿನಗಿಲ್ವಾ?"

"ನಂಗೆ ಮಲಗಿಕೊಂಡು ಹೊಡೀಬೇಕು ಅನ್ಸುತ್ತೆ."

"ಮಲಗೋಕೆ ಮಂಚ ಇದೆ, ಬಿಟ್ಟಿ," ಎಂದಳು ಮಾರ್ಲಿಸ್.

ಡಿಸೆಂಬರ್ ಎರಡನೇ ಶನಿವಾರ ಅವಳೂ ಬ್ರಿಟ್ಟಾಳೂ ಕ್ರಿಸ್‌ಮಸ್‌ಗೆ ಲೆಫ್ಸೆ ಮಾಡುತ್ತಿದ್ದರು. ಆಲೂಗಡ್ಡೆ ಹಿಸುಕಿ, ಹಿಟ್ಟು ಸೇರಿಸಿ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ ಒಣಕಲು ಹೆಂಚಿನ ಮೇಲೆ ಬೇಯಿಸುವ ರೊಟ್ಟಿ. ಲಟ್ಟಿಸುವುದು ಮಾರ್ಲಿಸ್, ತಿರುವಿ ಹಾಕುವುದು ಬ್ರಿಟ್ಟಾ. ಗೋಡೆಯ ಫೋನು ಹೊಡೆದುಕೊಂಡಿತು. ಹಿಟ್ಟಿನ ಕೈಯಲ್ಲೇ ಮಾರ್ಲಿಸ್ ಎತ್ತಿದಳು. ಬಂದೂಕಿನ ಕಮ್ಮಾರ ಓರಿನ್ ವೋಸ್.

"ಲೈಲ್ ಇಲ್ವಾ? ಆ ಎಡಗೈ ಬೋಲ್ಟು ಬಂದಿದೆ ಅಂತ ಹೇಳಮ್ಮ. ಎಡಗೈದಕ್ಕೆ ನೂರೈವತ್ತು ಜಾಸ್ತಿ ಆಗುತ್ತೆ ಅಂತ ಮೊದಲೇ ಹೇಳಿದ್ದೆ. ಅದನ್ನ ಬೇರೆಯಾಗಿ, ನಗದು ಕೈಯಲ್ಲೇ ಕೊಡ್ತೀನಿ ಅಂದಿದ್ದ."

"ಯಾರದೋ ಚೀಟಿ ನೋಡ್ತಿದ್ದೀಯ ಓರಿನ್. ಲೈಲ್ ಬಲಗೈಯವನು."

"ಸೋರಮ್ ಅಂತಲೇ ಇದೆ. ಎಡಗೈ ಬೋಲ್ಟು, ಎಡಗೆನ್ನೆ ಹಿಡಿ." ಆಚೆ ಚೀಟಿ ಮಗುಚಿದ ಸದ್ದು. "ಅಯ್ಯೋ. ನಾನೇನಾದ್ರೂ ಹೇಳಬಾರದ್ದು ಹೇಳಿದ್ನಾ?"

ಮಾರ್ಲಿಸ್ ಫೋನು ಇಟ್ಟು ಹೆಂಚಿನ ಕಡೆ ನೋಡಿದಳು. ಬ್ರಿಟ್ಟಾ ರೊಟ್ಟಿ ತಿರುವುವ ಕೋಲನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಆ ಮನೆಯಲ್ಲಿ ಎಡಗೈಯವಳು ಅವಳೊಬ್ಬಳೇ. ಹನ್ನೆರಡು ವರ್ಷದವಳಿದ್ದಾಗಿನಿಂದ ಅಜ್ಜನ ಬಲಗೈ ಬಂದೂಕನ್ನು ಎಡಹೆಗಲಿಗೆ ಒತ್ತಿ, ಕೈಯನ್ನು ಮೇಲಿಂದ ದಾಟಿಸಿ ಬೋಲ್ಟು ಎಳೆಯುತ್ತಿದ್ದವಳು. ಅದನ್ನು ನೋಡಿದವರೆಲ್ಲ ನಗುತ್ತಿದ್ದರು.

ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ಮಾರ್ಲಿಸ್ ಕೂತುಬಿಟ್ಟಳು.

"ಏನಮ್ಮ? ಯಾರಿಗೇನಾಯ್ತು?"

"ಏನೂ ಇಲ್ಲ ಕಣೇ. ನಿಮ್ಮಪ್ಪ... ಆ ಬಂದೂಕು ಅವನಿಗಲ್ಲ. ನಿನಗೆ."

ಬ್ರಿಟ್ಟಾ ನಂಬಲಿಲ್ಲ. ಎರಡು ಸಲ ಕೇಳಿದಳು. ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗಿ ಹೊಗೆ ಎದ್ದಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಗಂಡನ ಮನೆಯಿಂದ ಎರಡು ಚೀಲ, ಒಂದು ಮಗು ಹಿಡಿದು ಬಂದ ದಿನದಿಂದ ಅಪ್ಪ ಅವಳೊಡನೆ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಒಂದು ಮಾತು ಆಡಿರಲಿಲ್ಲ. ದನ, ಹವೆ, ಬಸ್ಸು, ಅಷ್ಟೇ.

"ಗೊತ್ತಾಗದ ಹಾಗೇ ಇರಬೇಕು," ಎಂದಳು ಮಾರ್ಲಿಸ್. "ಅವನೇ ಕೈಗೆ ಕೊಡಲಿ. ನೀನು ಆಗ ಬೆಚ್ಚಿಬೀಳು."

ಮುಂದಿನ ಐದಾರು ವಾರ ಮನೆಯಲ್ಲಿ ಒಂದು ಬಗೆಯ ಹಬ್ಬವಿತ್ತು. ಲೈಲ್ ಬಂದೂಕಿನ ಮಾತೆತ್ತಿದರೆ ತಾಯಿ ಮಗಳು ಮೇಜಿನ ಕೆಳಗೆ ಕಾಲು ತುಳಿದುಕೊಳ್ಳುತ್ತಿದ್ದರು. ಬೆಳಿಗ್ಗೆ ಅವನು ಬಸ್ಸಿನ ಇಂಜಿನ್ ಬಿಸಿ ಮಾಡಲು ಹೊರಟರೆ ಬ್ರಿಟ್ಟಾ ಕೇಳದೆಯೇ ಫ್ಲಾಸ್ಕಿಗೆ ಕಾಫಿ ತುಂಬಿಕೊಟ್ಟಳು. ಒಂದು ದಿನ ಅವನು ಉಪ್ಪಿನಕಾಯಿಯ ಸೀಸೆಯನ್ನು ಮೇಜಿನಿಂದ ಬೀಳಿಸಿ ಒಡೆದಾಗಲೂ ಮಾರ್ಲಿಸ್ ಬೈಯಲಿಲ್ಲ. ಬಸ್ಸಿನ ಬಲಗಡೆಯ ಕನ್ನಡಿ ಗೇಟಿನ ಕಂಬಕ್ಕೆ ತಗುಲಿ ಬಾಗಿದಾಗ, "ಹಿಮ ಜಾರಿತು," ಎಂದ. ಎಲ್ಲರೂ ನಂಬಿದರು.

ಜನವರಿ ಕೊನೆಗೆ ಬ್ರಿಟ್ಟಾಳಿಗೆ ಕೆಲಸದಲ್ಲಿ ಮುನ್ನೂರು ಡಾಲರ್ ಹೆಚ್ಚುವರಿ ಸಿಕ್ಕಿತು. ಅಪ್ಪ ಕೈಯಲ್ಲೇ ಕೊಡುತ್ತೇನೆಂದ ಆ ನೂರೈವತ್ತನ್ನು ತಾನೇ ಕಟ್ಟಿ ಬರೋಣವೆಂದು ಶುಕ್ರವಾರ ಮಧ್ಯಾಹ್ನ ಓರಿನ್ ವೋಸ್‌ನ ಕೊಟ್ಟಿಗೆಗೆ ಹೋದಳು. ಎಣ್ಣೆಯ ವಾಸನೆ, ಮೂಲೆಯಲ್ಲಿ ಕಟ್ಟಿಗೆಯ ಒಲೆ. ಓರಿನ್ ದುಡ್ಡು ತೆಗೆದುಕೊಂಡು ಚೀಟಿಯಲ್ಲಿ ಬರೆದ.

"ನೋಡ್ಬೇಕಾ? ಹಿಡಿ ನೆನ್ನೆ ಬಂತು."

ಬೂದುಬಣ್ಣದ ಹಿಡಿಯನ್ನು ಅವನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಬ್ರಿಟ್ಟಾ ಎಡಹೆಗಲಿಗೆ ಇಟ್ಟು ನೋಡಿದಳು. ಕೆನ್ನೆ ಸರಿಯಾಗಿ ಕೂತಿತು. ಆದರೆ ಬೆರಳು ಟ್ರಿಗರ್ ಇರಬೇಕಾದ ಜಾಗ ಮುಟ್ಟಲಿಲ್ಲ. ಮೊಣಕೈ ಮಡಿಸಿ ಸರಿಯಾಗಿ ಹಿಡಿದರೆ ಒಂದೂವರೆ ಅಂಗುಲ ಉಳಿಯಿತು.

"ಇದು ಉದ್ದ ಆಯ್ತು ಓರಿನ್. ನಂಗೆ ಎಟುಕ್ತಾ ಇಲ್ಲ."

"ನಿನಗ್ಯಾಕೆ ಎಟುಕ್ಬೇಕು? ನಿಮ್ಮಪ್ಪನ ಅಳತೆ ಅದು. ಹದಿನಾಲ್ಕೂಕಾಲು ಅಂಗುಲ. ನಾನೇ ಟೇಪು ಹಿಡಿದು ಅಳೆದಿದ್ದು."

"ಅಪ್ಪನ ತೋಳು ಅಳೆದ್ಯಾ? ಎಡದ್ದಾ?"

"ಎಡದ್ದೇ. ಒಂದು ಮಧ್ಯಾಹ್ನ ಪೂರ್ತಿ ಇಲ್ಲೇ ಹಿಂದೆ ಮಲಗಿ ನನ್ನ ಎಡಗೈ ಬಂದೂಕಲ್ಲಿ ಹೊಡೆದ. ಮೊದಲು ಹಲಗೇನೇ ತಾಗಲಿಲ್ಲ. ಬಿಡಲಿಲ್ಲ ಪುಣ್ಯಾತ್ಮ, ಎರಡು ಡಬ್ಬಿ ಗುಂಡು ಮುಗಿಸಿದ. ಐವತ್ತೆರಡು ವರ್ಷಕ್ಕೆ ಯಾಕಪ್ಪ ಕೈ ಬದಲಾಯಿಸ್ತೀಯ ಅಂದೆ. ಬಲಹೆಗಲು ನೋವು ಅಂದ."

"ಅಪ್ಪನ ಹೆಗಲಿಗೆ ಏನೂ ಆಗಿಲ್ಲ. ಮೊನ್ನೆ ತಾನೇ ಹುಲ್ಲಿನ ಪಿಂಡಿ ಎಸೀತಿದ್ದ."

ಓರಿನ್ ಚೀಟಿಯನ್ನು ಮಡಿಸಿ ಡಬ್ಬಿಯಲ್ಲಿಟ್ಟ. ಅವಳ ಮುಖ ನೋಡಲಿಲ್ಲ. "ನನ್ನ ಹತ್ರ ಕೈ ಬದಲಾಯಿಸಿದೋರು ಮೂವರು ಬಂದಿದ್ದಾರೆ ಕಣಮ್ಮ, ನಲವತ್ತು ವರ್ಷದಲ್ಲಿ," ಎಂದ. "ಹೆಗಲಿಗಂತ ಬಂದೋರು ಒಬ್ಬರೂ ಇಲ್ಲ. ಎಲ್ಲಾ ಕಣ್ಣಿಗೆ."

ಬ್ರಿಟ್ಟಾ ಕಾರಿಗೆ ಬಂದು ಕೂತಳು. ಬಂದೂಕು ತನಗಲ್ಲವೆಂಬುದು ಮೊದಲು ಹೊಳೆಯಿತು. ಆಮೇಲೆ ಓರಿನ್ ಹೇಳಿದ ಕಣ್ಣಿನ ಮಾತು. ಮೂರೂಕಾಲಾಗಿತ್ತು. ಅಪ್ಪ ಆಗ ಜೂನಳನ್ನು, ಇನ್ನೂ ಹತ್ತು ಮಕ್ಕಳನ್ನು ಹತ್ತಿಸಿಕೊಂಡು ಶಾಲೆಯ ಅಂಗಳದಿಂದ ಹೊರಡುತ್ತಿರುತ್ತಾನೆ. ಅವಳು ಕಾರು ತಿರುಗಿಸಿ ಬಸ್ಸಿನ ಹಿಂದೆಯೇ, ನೂರು ಗಜ ಬಿಟ್ಟು, ಮನೆಯವರೆಗೂ ಬಂದಳು. ಬಸ್ಸು ನಿಧಾನವಾಗಿ, ರಸ್ತೆಯ ನಡುವೆಯೇ ಹೋಯಿತು. ರೈಲು ಹಳಿಯ ಮುಂದೆ ಕಾನೂನಿನಂತೆ ನಿಂತಿತು, ರೈಲಿನ ಸದ್ದು ಕೇಳಲು ಬಾಗಿಲು ತೆರೆಯಿತು, ದಾಟಿತು. ತಪ್ಪೇನೂ ಕಾಣಲಿಲ್ಲ.

ಶನಿವಾರ ಪೂರ್ತಿ ಅಪ್ಪನನ್ನು ನೋಡಿದಳು. ಅವನು ಮೇಜಿನ ಬಲತುದಿಗೆ, ಗೋಡೆಯ ಪಕ್ಕಕ್ಕೆ ಕುರ್ಚಿ ಬದಲಾಯಿಸಿದ್ದು ಯಾವಾಗ? ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಟರ್ಕಿ ಕೋಳಿ ಕೊಯ್ಯಲು ಬೆಳಕು ಬೇಕೆಂದಿದ್ದ. ಆಮೇಲೆ ಅಲ್ಲೇ ಉಳಿದ. ಅಲ್ಲಿ ಕೂತರೆ ಮನೆಯವರೆಲ್ಲ ಅವನ ಎಡಕ್ಕೆ ಬರುತ್ತಾರೆ. ಕಾಫಿ ಬಗ್ಗಿಸುವಾಗ ಅವನು ಕೆಟಲಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿ, ಸದ್ದು ಕೇಳಿ, ಆಮೇಲೆ ಬಗ್ಗಿಸುತ್ತಿದ್ದ.

ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತರು. ಹುರಿದ ದನದ ಮಾಂಸ, ಆಲೂಗಡ್ಡೆ, ಕ್ಯಾರೆಟ್ಟು. ಬ್ರಿಟ್ಟಾ ಗ್ರೇವಿಯ ಬಟ್ಟಲು ಹಿಡಿದು ಗೋಡೆಗೂ ಅಪ್ಪನಿಗೂ ನಡುವಿನ ಸಂದಿಯಲ್ಲಿ ಬಂದು ಅವನ ಬಲಗೆನ್ನೆಯ ಪಕ್ಕ ನಿಂತಳು. ಬಟ್ಟಲನ್ನು ಅವನ ಕಿವಿಯ ಹತ್ತಿರಕ್ಕೆ ತಂದಳು. ಅವನು ತಿನ್ನುತ್ತಲೇ ಇದ್ದ. ಇನ್ನೊಂದು ಕೈಯನ್ನು ಅವನ ಬಲಗಣ್ಣಿನ ಪಕ್ಕದಲ್ಲಿ, ನಾಲ್ಕು ಬೆರಳು ದೂರದಲ್ಲಿ, ಎರಡು ಸಲ ಆಡಿಸಿದಳು.

ಲೈಲ್ ಚಾಕುವಿನಿಂದ ಮಾಂಸ ಕೊಯ್ದು ಬಾಯಿಗಿಟ್ಟ. "ಗ್ರೇವಿ ಎಲ್ಲಿ?" ಎಂದ.

ಎದುರಿಗಿದ್ದ ಮಾರ್ಲಿಸ್ ಅದನ್ನು ನೋಡಿದಳು. ಅವಳ ಕೈಯ ಫೋರ್ಕು ತಟ್ಟೆಗೆ ಬಿತ್ತು.

"ಇಲ್ಲೇ ಇದೆ ಅಪ್ಪ," ಎಂದಳು ಬ್ರಿಟ್ಟಾ, ಅವನ ಕಿವಿಯಲ್ಲೇ. "ಇಷ್ಟು ಹೊತ್ತು ಇಲ್ಲೇ ಇತ್ತು."

ಲೈಲ್ ಬೆಚ್ಚಿ ತಿರುಗಿದ. ಬಟ್ಟಲು ಅವನ ಮೂಗಿಗೆ ಬಡಿದು ಗ್ರೇವಿ ಅಂಗಿಯ ಮೇಲೆ ಚೆಲ್ಲಿತು.

ಯಾರೂ ಒರೆಸಲಿಲ್ಲ.

"ಯಾವಾಗಿಂದ?" ಎಂದಳು ಮಾರ್ಲಿಸ್.

"ಏನು ಯಾವಾಗಿಂದ? ಅವಳು ಕಳ್ಳನ ಹಾಗೆ ಹಿಂದಿನಿಂದ ಬಂದ್ರೆ..."

"ಲೈಲ್."

"ಸ್ವಲ್ಪ ಮಂಜು ಮಂಜು, ಅಷ್ಟೇ. ಬಸ್ಸಿಗೇನೂ ತೊಂದರೆ ಇಲ್ಲ. ಕನ್ನಡಿ ಇದೆ."

ಆಗ ಜೂನ್, ದೊಡ್ಡವರು ಒಂದು ಸುಲಭದ ಪ್ರಶ್ನೆಗೆ ಉತ್ತರ ತಿಳಿಯದೆ ಒದ್ದಾಡುತ್ತಿದ್ದಾರೆಂಬಂತೆ, ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡೇ ಹೇಳಿತು: "ತಾತನಿಗೆ ಆ ಕಡೆ ಮುತ್ತಜ್ಜ ನೋಡಿ ಹೇಳ್ತಾರಲ್ಲ!"

"ಏನು ಹೇಳ್ತಾರೆ ಪುಟ್ಟಾ?"

"ಬಲಕ್ಕೆ ಖಾಲಿ! ಮುತ್ತಜ್ಜ ಬಾಗಿಲ ಹತ್ರದ ಸೀಟಲ್ಲಿ ಕೂತ್ಕೊಂಡು, ಕ್ರಾಸು ಬಂದಾಗೆಲ್ಲ 'ಬಲಕ್ಕೆ ಖಾಲಿ' ಅಂತಾರೆ. ನಾವೂ ಅಂತೀವಿ. ಎಲ್ಲಾರೂ ಜೋರಾಗಿ. ರೈಲಿನ ಹತ್ರ ಇನ್ನೂ ಜೋರಾಗಿ."

ಆರ್ವಿಡ್ ಕರವಸ್ತ್ರವನ್ನು ಮಡಿಸತೊಡಗಿದರು. ಒಂದು ಮಡಿಕೆ, ಎರಡು ಮಡಿಕೆ.

"ಮಾವ," ಎಂದಳು ಮಾರ್ಲಿಸ್. "ದಿನಕ್ಕೆರಡು ಕಾಫಿ."

"ಅಕ್ಟೋಬರಲ್ಲಿ ಪಿಕಪ್ಪಲ್ಲಿ ಹೋಗ್ತಾ ಇದ್ವಿ," ಎಂದರು ಆರ್ವಿಡ್. "ಬಲಗಡೆಯಿಂದ ಒಂದು ಜಿಂಕೆ ಬಂತು. ಇವನು ಬ್ರೇಕೇ ಹಾಕಲಿಲ್ಲ. ಆಗ ಗೊತ್ತಾಯ್ತು. ನಾನು ನೋಡ್ತೀನಿ ಬಿಡು ಅಂದೆ. ನನ್ನ ಎರಡು ಕಣ್ಣೂ ಪೊರೆ ತೆಗೆಸಿದ್ದೀನಲ್ಲ. ಗರುಡನ ಕಣ್ಣು ಅಂತ ಡಾಕ್ಟರೇ ಅಂದಿದ್ದು."

"ಮುತ್ತಜ್ಜ ಒಂದ್ಸಲ ನಿದ್ದೆ ಮಾಡ್ಬಿಟ್ಟಿದ್ರು," ಎಂದಿತು ಜೂನ್. "ರೈಲಿನ ಹತ್ರ. ಆಗ ನಾನೇ ಹೇಳ್ದೆ."

ಬ್ರಿಟ್ಟಾ ಗ್ರೇವಿಯ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ನೀನು ಹೇಳಿದ್ಯಾ?" ಬ್ರಿಟ್ಟಾಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನಿಂಗೆ ಬಲಗಡೆ ಯಾವುದು ಅಂತ ಗೊತ್ತಾ?"

ಜೂನ್ ಫೋರ್ಕು ಕೆಳಗಿಟ್ಟಿತು. ಎರಡೂ ಅಂಗೈಗಳನ್ನು ಮುಂದೆ ಹಿಡಿದು ಒಂದನ್ನು ನೋಡಿತು, ಇನ್ನೊಂದನ್ನು ನೋಡಿತು. ತುಟಿ ಕಚ್ಚಿ ಯೋಚಿಸಿತು. ಆಮೇಲೆ ಬಲಗೈಯನ್ನು ಮೇಲೆತ್ತಿತು. "ಇದು!"

ಬ್ರಿಟ್ಟಾ ಮಗಳನ್ನು ಎತ್ತಿಕೊಂಡು, ಊಟದ ಅರ್ಧದಲ್ಲೇ, ಮುಂದಿನ ಕೋಣೆಗೆ ಒಯ್ದು ಟಿ.ವಿ. ಹಾಕಿ ಕೂರಿಸಿ ಬಂದಳು. ಬಾಗಿಲು ಮುಚ್ಚಿದಳು.

"ಒಂದೇ ಒಂದು ಸಲ," ಎಂದರು ಆರ್ವಿಡ್. "ಹಿಂದಿನ ರಾತ್ರಿ ಹಸು ಕರು ಹಾಕಿತ್ತು. ನಿದ್ದೆ ಇರಲಿಲ್ಲ."

"ಒಂದು ಸಲ ಸಾಕು ಅಜ್ಜ! ರೈಲಿಗೆ ಎಷ್ಟು ಸಲ ಬೇಕು?"

"ನನ್ನ ಮೇಲೆ ಕೂಗಾಡಬೇಡ ಹುಡುಗಿ. ನಾನು ಮಗನ ಕೆಲಸ ಉಳಿಸ್ತಿದ್ದೆ. ನಿಮ್ಮಮ್ಮನ ಸೂಜಿ ಉಳಿಸ್ತಿದ್ದೆ."

"ನನ್ನ ಹೆಸರು ಎತ್ತಬೇಡಿ ಮಾವ," ಎಂದಳು ಮಾರ್ಲಿಸ್. ಅವಳು ಗಂಡನ ಕಡೆ ತಿರುಗಿದಳು. "ನೀನು ಹೇಳು. ಎಲ್ಲಾ."

ಲೈಲ್ ಅಂಗಿಯ ಮೇಲಿನ ಗ್ರೇವಿಯನ್ನು ಬ್ರೆಡ್ಡಿನ ಚೂರಿನಿಂದ ಒರೆಸುತ್ತ ಹೇಳಿದ. ಸೆಪ್ಟೆಂಬರ್ ಹತ್ತೊಂಬತ್ತು, ಬೇಲಿ ಕಟ್ಟುತ್ತಿದ್ದ. ಬಲಗಣ್ಣಿಗೆ ಮೇಲಿಂದ ಬೂದು ಪರದೆ ಇಳಿದ ಹಾಗಾಯಿತು. ಎರಡು ದಿನಕ್ಕೆ ಪೂರ್ತಿ ಇಳಿಯಿತು. ಟ್ರ್ಯಾಕ್ಟರಿನ ಭಾಗ ತರುತ್ತೇನೆಂದು ಹೇಳಿ ಬಿಲ್ಲಿಂಗ್ಸ್‌ಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ. ಒಳಗಿನ ನರ ಕಟ್ಟಿಕೊಂಡಿದೆ, ಹೋದದ್ದು ಬರುವುದಿಲ್ಲ ಎಂದರು.

"ಬಸ್ಸಿನ ಬಗ್ಗೆ ಕೇಳಲಿಲ್ವಾ ಅವರು?"

"ದೊಡ್ಡ ಗಾಡಿ ಏನಾದ್ರೂ ಓಡಿಸ್ತೀಯಾ ಅಂದ್ರು. ಇಲ್ಲ, ದನ ಸಾಕ್ತೀನಿ ಅಂದೆ. ಸುಳ್ಳೇನಲ್ಲ."

ಮಾರ್ಲಿಸ್ ಎದ್ದು ನಿಂತಳು. ಮತ್ತೆ ಕೂತಳು. "ನಾಲ್ಕು ತಿಂಗಳು. ಪಕ್ಕದಲ್ಲೇ ಮಲಗ್ತೀಯ. ನಾನು ನೆಲದ ಬಣ್ಣ ತೋರಿಸಿದ್ರೆ ನೋಡಿ, ಚೆನ್ನಾಗಿದೆ ಅಂತೀಯ. ನಾವಿಬ್ಬರೂ ಮೂರ್ಖರ ಹಾಗೆ ಆ ಬಂದೂಕು ಮಗಳಿಗೆ ಅಂದ್ಕೊಂಡು..."

"ಬ್ರಿಟ್ಟಾಗಾ?" ಲೈಲ್‌ಗೆ ಅದು ನಿಜವಾಗಿ ಹೊಸ ಸುದ್ದಿ. ಅವನು ಮಗಳಿಗಾಗಿ ಎಡಕ್ಕೆ ನೋಡಿದ. ಅವಳು ಅಲ್ಲಿರಲಿಲ್ಲ. "ಹಿಡಿ ಕತ್ತರಿಸಿದ್ರೆ ಅವಳಿಗೆ ಸರಿಹೋಗುತ್ತೆ. ಓರಿನ್ ಒಂದು ಗಂಟೇಲಿ ಮಾಡಿಕೊಡ್ತಾನೆ. ಅವಳೇ ಇಟ್ಕೊಳ್ಳಲಿ."

"ಬೇಡ," ಎಂದಳು ಬ್ರಿಟ್ಟಾ.

"ಯಾಕೆ ಮಾಡಿಸಿದೆ ಅದನ್ನ?" ಎಂದಳು ಮಾರ್ಲಿಸ್. "ಮನೆಗೆ ತಂದ ದಿನ ಅದು ಎಡಗೈದು ಅಂತ ನಾವು ನೋಡ್ತಿರಲಿಲ್ವಾ?"

ಲೈಲ್ ಹೆಗಲು ಕುಣಿಸಿದ. "ಅಷ್ಟು ಹೊತ್ತಿಗೆ ಸಾವಿರ ಗಜಕ್ಕೆ ಹೊಡೀತಾ ಇರ್ತೀನಿ ಅಂದ್ಕೊಂಡೆ. ಇದರಲ್ಲಿ." ಎಡಗಣ್ಣನ್ನು ಬೆರಳಿನಿಂದ ತೋರಿಸಿದ. "ಅಷ್ಟು ದೂರ ಹೊಡೆದೋನಿಗೆ ಬಸ್ಸು ಓಡಿಸೋಕೆ ಬರಲ್ಲ ಅಂತ ಯಾರಂತಾರೆ?"

ಆರ್ವಿಡ್ ಮೆಲ್ಲಗೆ ಹೌದೆಂದು ತಲೆಯಾಡಿಸಿದರು. ಅವರಿಗದು ಸರಿಯಾದ ಮಾತಾಗಿಯೇ ಕಂಡಿತು.

"ಆಗಸ್ಟಲ್ಲಿ ಹೇಗೂ ಡ್ರೈವರುಗಳ ದೇಹಪರೀಕ್ಷೆ ಇದೆ," ಎಂದ ಲೈಲ್. "ಅಲ್ಲಿಗಂಟ ಬಿಡಿ. ಮೇ ತಿಂಗಳಿಗೆ ಶಾಲೆ ಮುಗಿಯುತ್ತೆ. ಇನ್ನು ಹದಿನಾರು ವಾರ. ಎಂಟು ಸೂಜಿ. ಅಷ್ಟರಲ್ಲಿ ಬೇರೆ ಏನಾದ್ರೂ..."

"ಎಂಟು ಸೂಜಿ," ಎಂದಳು ಮಾರ್ಲಿಸ್.

ಅವಳು ಎದ್ದು ಕಿಟಕಿಯ ಪಕ್ಕದ ಗೂಡಿನಿಂದ ಜೇಬಿನ ಪುಸ್ತಕ ತಂದಳು. ಬಂದೂಕಿನ ಲೆಕ್ಕದ ಹಾಳೆ ತೆರೆದು ಅದರ ಪಕ್ಕದಲ್ಲೇ ಬರೆಯತೊಡಗಿದಳು.

"ಔಷಧಿ ಅಂಗಡಿ ಚೀಟಿ ನಾನು ನೋಡ್ತೀನಿ, ನೀನು ನೋಡಲ್ಲ. ವಿಮೆ ಇಲ್ಲದೆ ತಿಂಗಳಿಗೆ ಆರು ಸಾವಿರದ ಇನ್ನೂರು. ನಿನ್ನ ಬಂದೂಕು, ದುರ್ಬೀನು, ಎಡಗೈದು ನೂರೈವತ್ತು, ಎಲ್ಲಾ ಸೇರಿ ಐದು ಸಾವಿರದ ನೂರೈವತ್ತು. ಯಾರಾದ್ರೂ ಎಡಗೈಯವನು ಸಿಕ್ಕಿ ಕೊಂಡ್ರೆ ನಾಲ್ಕು ಸಾವಿರ ಬರಬಹುದು." ಅವಳು ಭಾಗಿಸಿದಳು. "ಇಪ್ಪತ್ತು ದಿನ. ನಿನ್ನ ಬಂದೂಕಿನ ಬೆಲೆ, ನನ್ನ ಕೈಯ ಇಪ್ಪತ್ತು ದಿನ."

"ಅದಕ್ಕೇ ಹೇಳ್ತಿರೋದು..."

"ನಾನೂ ಅದಕ್ಕೇ ಹೇಳ್ತಿರೋದು. ಈ ಕೈಗೆ ಎಷ್ಟಾಗುತ್ತೆ ಅಂತ ನಂಗೆ ಗೊತ್ತು. ಒಂದು ಮಗುವಿಗೆ ಎಷ್ಟು ಅಂತ ಬರೆದುಕೊಡು. ಇಲ್ಲಿ. ಜೂನ್‌ದು ಮೊದಲು ಬರಿ." ಪುಸ್ತಕವನ್ನು ಅವನ ತಟ್ಟೆಯ ಮೇಲೆಯೇ, ಮಾಂಸದ ಮೇಲೆಯೇ ಇಟ್ಟಳು.

ಲೈಲ್ ಪುಸ್ತಕವನ್ನು ಮುಟ್ಟಲಿಲ್ಲ.

"ನಾಳೆ ಬಸ್ಸು ಹೋಗಲ್ಲ," ಎಂದಳು ಮಾರ್ಲಿಸ್. "ಈಗಲೇ ಫೋನ್ ಮಾಡ್ತೀಯ. ಮೊದಲು ಶಾಲೆಯ ಮುಖ್ಯಸ್ಥರಿಗೆ. ಆಮೇಲೆ ಒಂದೊಂದು ಮನೆಗೂ."

"ಮನೆಗಳಿಗ್ಯಾಕೆ? ಶಾಲೆಯವರೇ ಹೇಳ್ತಾರೆ."

"ಶಾಲೆಯವರು 'ಡ್ರೈವರಿಗೆ ಹುಷಾರಿಲ್ಲ' ಅಂತ ಚೀಟಿ ಕಳಿಸ್ತಾರೆ. ಆ ಮನೆಯವರು ಅಯ್ಯೋ ಪಾಪ ಅಂತ ನಿಂಗೆ ಕಡುಬು ಮಾಡಿ ತರ್ತಾರೆ. ಅದನ್ನ ನಾನು ತಿನ್ನಲಾರೆ."

"ಮಾರ್ಲಿಸ್," ಎಂದರು ಆರ್ವಿಡ್, "ಊರಲ್ಲಿ ತಲೆ ಎತ್ತೋ ಹಾಗಿರಲ್ಲ."

"ಬೇಡ ಮಾವ. ತಗ್ಗಿಸ್ಕೊಂಡೇ ಇರೋಣ."

ಬಸ್ಸಿನ ಮಕ್ಕಳ ಪಟ್ಟಿ ಲೈಲನ ಕೋಟಿನ ಜೇಬಿನಲ್ಲಿತ್ತು. ಬ್ರಿಟ್ಟಾ ತಂದು ಬಿಡಿಸಿಟ್ಟಳು. ಏಳು ಮನೆ, ಹನ್ನೊಂದು ಮಕ್ಕಳು. ಮುಖ್ಯಸ್ಥರ ಜೊತೆಗಿನ ಮಾತು ಆರು ನಿಮಿಷದಲ್ಲಿ ಮುಗಿಯಿತು. ವಿಮೆ ಫೆಬ್ರವರಿ ಕೊನೆಯವರೆಗೆ ಎಂದರು. ಲೈಲ್ ಅದನ್ನು ಮಾರ್ಲಿಸ್‌ಗೆ ಹೇಳಿದ. ಅವಳು, "ಎರಡು ಸೂಜಿ," ಎಂದಳು, ಅಷ್ಟೇ.

ಆಮೇಲೆ ಮನೆಗಳು. ಎಲ್ಲರಿಗೂ ಒಂದೇ ಮಾತು ಹೇಳಿದ. ನಾನು ಲೈಲ್ ಸೋರಮ್. ಸೆಪ್ಟೆಂಬರಿಂದ ನನ್ನ ಬಲಗಣ್ಣು ಕಾಣಲ್ಲ. ಗೊತ್ತಿದ್ದೂ ನಿಮ್ಮ ಮಕ್ಕಳನ್ನ ಕೂರಿಸ್ಕೊಂಡು ಓಡಿಸಿದೆ. ನಾಳೆಯಿಂದ ಓಡಿಸಲ್ಲ. ಒಂದು ಮನೆಯವರು ತಮಾಷೆಯೆಂದು ನಕ್ಕರು. ಅವನು ಎರಡನೇ ಸಲ ಹೇಳಬೇಕಾಯಿತು. ಒಬ್ಬಳು ತಾಯಿ, "ಹಾಗಾದ್ರೆ 'ಬಲಕ್ಕೆ ಖಾಲಿ' ಅಂದ್ರೆ..." ಎಂದು ನಿಲ್ಲಿಸಿದಳು. ಫೋನಿನಾಚೆ ಅವಳು ಅಳುವುದು ಮೇಜಿನವರೆಗೂ ಕೇಳಿಸಿತು. ನಲವತ್ತು ವರ್ಷದ ಸ್ನೇಹಿತನೊಬ್ಬ ಏನೂ ಹೇಳದೆ ಇಟ್ಟುಬಿಟ್ಟ. ಪ್ರತಿ ಸಲವೂ ಲೈಲ್ ಆ ಮನೆಯ ಹೆಸರಿನ ಮುಂದೆ ಪೆನ್ಸಿಲಿನಿಂದ ಗೆರೆ ಎಳೆದ. ಆರನೆಯದು ಮುಗಿಸಿ ಫೋನನ್ನು ಗೋಡೆಗೆ ಸಿಕ್ಕಿಸಿ ಕುರ್ಚಿಗೆ ಒರಗಿದ. ಅಂಗಿಯ ಮೇಲಿನ ಗ್ರೇವಿ ಒಣಗಿ ಗಟ್ಟಿಯಾಗಿತ್ತು.

"ಮುಗೀತು," ಎಂದ.

"ಇನ್ನೊಂದು ಮನೆ ಇದೆ," ಎಂದಳು ಬ್ರಿಟ್ಟಾ.

ಅವಳು ಅವನ ಬಲಕ್ಕೆ, ಗೋಡೆಗೆ ಒರಗಿ ನಿಂತಿದ್ದಳು. ದನಿ ಬಂದ ಕಡೆಗೆ ಅವನು ಮುಖವನ್ನಲ್ಲ, ಇಡೀ ಮೈಯನ್ನೇ ತಿರುಗಿಸಬೇಕಾಯಿತು. ಅವಳು ಅವನಿಗೆ ಅನುಕೂಲವಾಗಲೆಂದು ಈ ಕಡೆಗೆ ಬರಲಿಲ್ಲ. ಅವನು ಆರ್ವಿಡ್ ಕಡೆ ನೋಡಿದ, ಮಾರ್ಲಿಸ್ ಕಡೆ ನೋಡಿದ.

"ನಾನು ಲೈಲ್ ಸೋರಮ್," ಎಂದು ಶುರುಮಾಡಿದ. ಕೆಮ್ಮಿ ಮತ್ತೆ ಮೊದಲಿಂದ ಹೇಳಿದ. ಎಲ್ಲವನ್ನೂ, ಆರು ಮನೆಗೆ ಹೇಳಿದ ಹಾಗೆಯೇ. "ಗೊತ್ತಿದ್ದೂ ನಿನ್ನ ಮಗೂನ ಕೂರಿಸ್ಕೊಂಡು ಓಡಿಸಿದೆ."

"ದಿನಾ ಎಷ್ಟು ಸಲ?" ಎಂದಳು ಬ್ರಿಟ್ಟಾ.

"ಎರಡು ಸಲ."

"ಹಳಿ ದಾಟಿ?"

"ಹಳಿ ದಾಟಿ."

ಅವಳು ಬಗ್ಗಿ ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಪಟ್ಟಿಯ ಕೊನೆಯಲ್ಲಿ ತನ್ನ ಹೆಸರಿನ ಮುಂದೆ ತಾನೇ ಗೆರೆ ಎಳೆದಳು. ನಾಳೆ ಜೂನಳನ್ನು ಕಾರಿನಲ್ಲಿ ಬಿಟ್ಟು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕಾದರೆ ಎಷ್ಟಕ್ಕೆ ಹೊರಡಬೇಕು ಎಂದು ಅಮ್ಮನನ್ನು ಕೇಳಿದಳು.